ಹೇಳಬಾರದ ಹೆಸರು

ಗೇಟಿನ ಕಾವಲುಗಾರ ಅವಳ ಹೆಸರನ್ನೇ ಕೇಳಲಿಲ್ಲ. ಸ್ಕೂಟಿಯ ಮೇಲೆ ಕುಳಿತವಳ ಕರಿಕೋಟು ನೋಡಿದ, ಬಂದುಹೋಗುವವರ ವಹಿಯಲ್ಲಿ ಮರಾಠಿ ಅಕ್ಷರದಲ್ಲಿ 'ಲೇಡೀಜ್ ಮೆಂಬರ್' ಎಂದು ಬರೆದುಕೊಂಡ, ಸರಪಳಿ ಬಿಟ್ಟ. ಆಸ್ಮಾ ಒಳಗೆ ಬಂದು ಬೇವಿನ ನೆರಳಿನಲ್ಲಿ ಗಾಡಿ ನಿಲ್ಲಿಸಿದಳು. ಹೆಸರು ಕೇಳದಿದ್ದರೆ ಏನಾಯಿತು, ಗಾಡಿಗೆ ನೆರಳಾದರೂ ಸಿಕ್ಕಿತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕೋಟಿನ ಗುಂಡಿ ಹಾಕುತ್ತಿದ್ದ ಬೆರಳುಗಳು ಆ ಮಾತನ್ನು ನಂಬಲಿಲ್ಲ, ಒಂದೇ ಗುಂಡಿಯನ್ನು ಹಾಕಿ ತೆಗೆದು ಮತ್ತೆ ಹಾಕಿದವು. ಬಿಳೂರ ರಸ್ತೆಯ ಈ ಬೇದಾಣಿ ಕಾರ್ಖಾನೆಯ ಗಾಳಿಗೆ ಒಂದು ವಿಚಿತ್ರ ಗುಣವಿದೆ. ಒಣದ್ರಾಕ್ಷಿಯ ಸಿಹಿ ಮೊದಲು ಮೂಗಿಗೆ ಬಂದು ಬರ್ರಿ ಕುಂದ್ರಿ ಎನ್ನುತ್ತದೆ, ಅದರ ಬೆನ್ನಿಗೇ ಗಂಧಕದ ಘಾಟು ಬಂದು ಗಂಟಲು ಹಿಡಿಯುತ್ತದೆ. ಕಂಪನಿಯ ದೊಡ್ಡ ಆಫೀಸು ಪುಣೆಯಲ್ಲಿ. ಕೆಲಸದ ಜಾಗದಲ್ಲಿ ಹೆಂಗಸರಿಗೆ ತೊಂದರೆಯಾದರೆ ವಿಚಾರಿಸಲು ಒಂದು ಸಮಿತಿ ಇರಬೇಕು, ಅದರಲ್ಲಿ ಹೊರಗಿನವರೊಬ್ಬರು ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಆ ಹೊರಗಿನವಳು ಆಸ್ಮಾ. ಮಹಾರಾಷ್ಟ್ರಕ್ಕೆ ಸೇರಿದ ಜತ್ತ ಕೋರ್ಟಿನ ವಕೀಲರೊಳಗೆ ಗಡಿಯ ಕನ್ನಡ ಊರುಗಳಿಂದ ಬಂದ ಹೆಂಗಸು ಅವಳೊಬ್ಬಳೇ. ಹಿಂದೆ ಎರಡು ಸಲ ಬಂದಾಗ ಗೋಡಂಬಿ ಬಿಸ್ಕತ್ತು ತಿಂದು, ತಕ್ರಾರು ಒಂದೂ ಇಲ್ಲ ಎಂಬ ಹಾಳೆಗೆ ಸಹಿ ಹಾಕಿ ಹೋಗಿದ್ದಳು. ತಕ್ರಾರು ಇಲ್ಲವೋ, ತಕ್ರಾರು ಹೇಳುವ ಬಾಯಿ ಇಲ್ಲವೋ ಎಂದು ಕೇಳಿರಲಿಲ್ಲ. ಬಿಸ್ಕತ್ತು ಚೆನ್ನಾಗಿತ್ತು.

ಈ ಸಲ ತಕ್ರಾರಿತ್ತು, ಮುಗಿದೂ ಹೋಗಿತ್ತು. ಅವಳು ಕೋರ್ಟಿನ ಕೆಲಸದಲ್ಲಿ ಸಿಕ್ಕಿಕೊಂಡಿದ್ದ ದಿನವೇ ಸಮಿತಿ ಸೇರಿತ್ತು, ನಿನ್ನೆ ಅವಳ ಫೋನಿಗೆ ಕರಡು ವರದಿ ಬಂದಿತ್ತು. ಕಳಿಸಿದವನು ಕಂಪನಿಯ ಎಚ್.ಆರ್. ಅಧಿಕಾರಿ ನಿಕಮ. ಅದರಲ್ಲಿ ಇದ್ದದ್ದು ಇಷ್ಟು: ಬೇದಾಣಿ ಆರಿಸುವ ಹೆಂಗಸೊಬ್ಬಳು, ಗೋದಾಮಿನಲ್ಲಿ ಸುಪರವೈಜರ ತನ್ನ ಕೈಹಿಡಿದು ಎಳೆದನು, ಆಡಬಾರದ ಮಾತು ಆಡಿದನು ಎಂದು ಹೇಳಿದಳು. ಸುಪರವೈಜರರು ಮೂವರು. ಯಾರೆಂದು ಎಷ್ಟು ಸಲ ಕೇಳಿದರೂ ನೆಲ ನೋಡುತ್ತ ನಿಂತಳೇ ಹೊರತು ಹೆಸರು ಹೇಳಲಿಲ್ಲ. ಹೆಸರಿಲ್ಲದ ತಕ್ರಾರು ಮುಂದೆ ಹೋಗಲು ಬರುವುದಿಲ್ಲವಾದ್ದರಿಂದ ಮುಕ್ತಾಯ. ಕೆಳಗೆ ನಿಕಮನ ಒಕ್ಕಣೆ: ನಿಮ್ಮದೊಂದು ಸಹಿ ಬಾಕಿ. ಆಸ್ಮಾಳ ಕಣ್ಣು ನಿಂತದ್ದು ಅಲ್ಲಲ್ಲ, ಮೇಲೆ ಬರೆದಿದ್ದ ಹೆಸರಿನ ಮೇಲೆ. ಮಹಾರಾಷ್ಟ್ರದ ಕಾಗದಗಳಲ್ಲಿ ಮದುವೆಯಾದವಳ ಹೆಸರಿನ ಮಗ್ಗುಲಿಗೆ ಗಂಡನ ಹೆಸರು ಬಂದು ಕುಳಿತೇ ಇರುತ್ತದೆ. ಮಲಕವ್ವ ಅಪ್ಪಾಸಾಹೇಬ ಪೂಜಾರಿ, ತಿಕೋಂಡಿ. ಹೋದ ಸಲ ಕಾರ್ಖಾನೆ ತೋರಿಸಲು ಆಸ್ಮಾಳ ಜೊತೆ ಓಡಾಡಿದ ಸುಪರವೈಜರನೂ ಅಪ್ಪಾಸಾಹೇಬನೇ. ಈ ಸೀಮೆಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಒಬ್ಬ ಅಪ್ಪಾಸಾಹೇಬನಿಗೆ ತಗಲುತ್ತದೆ. ಅವನು ಮರಾಠಿಯವನೋ ಕನ್ನಡದವನೋ ಎಂಬುದು ಅವನು ಬಯ್ಯಲು ಬಾಯಿ ತೆರೆದ ಮೇಲೇ ಗೊತ್ತಾಗುವುದು. ಗಂಡನ ಹೆಸರು ಬಾಯಿಂದ ಆಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೇಳುತ್ತ ಬೆಳೆದ ಹೆಂಗಸಿಗೆ ಆ ಹೆಸರು ಊರಲ್ಲಿ ಇನ್ನು ಯಾರಿಗಿದ್ದರೂ ನಾಲಗೆಯ ಮೇಲೆ ಮಾತ್ರ ಗಂಡನದೇ. ಓದಿದ ಕೂಡಲೇ ಆಸ್ಮಾಳಿಗೆ ತಿಳಿಯಿತು. ತಿಳಿಯಿತಲ್ಲ ಎಂದು ಸಿಟ್ಟೂ ಬಂತು. ತಿಳಿಯದಿದ್ದರೆ ಸಹಿ ಹಾಕುವುದು ಎಷ್ಟು ಸುಲಭವಿತ್ತು.

ಆಸ್ಮಾಳ ಕಣ್ಣ ಮುಂದೆ ಚಿಕ್ಕಂದಿನ ಒಂದು ದಿನ: ಬಿಳೂರಿನ ರೇಷನ್ ಅಂಗಡಿಯ ಮುಂದೆ ಅವ್ವ ಜುಬೇದಾ ಸೆರಗು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದಾಳೆ. ಅಂಗಡಿಯವನು, ಯಾರ ಹೆಸರಿನಲ್ಲಿದೆ ಕಾರ್ಡು, ಹೇಳು ಎನ್ನುತ್ತಾನೆ. ಅವ್ವ, ಆಸ್ಮಾನ ಅಬ್ಬಾಂದು ಎನ್ನುತ್ತಾಳೆ. ಆಸ್ಮಾನ ಅಬ್ಬಾಗೆ ಅವರವ್ವ ಹೆಸರಿಟ್ಟಿಲ್ಲೇನು ಎಂದು ಅವನು ಕೇಳುತ್ತಾನೆ, ಸರತಿಯಲ್ಲಿದ್ದವರು ನಗುತ್ತಾರೆ, ಅವ್ವನೂ ನಗುತ್ತಾಳೆ, ಆದರೆ ಅವಳ ಕೈ ಮಗಳ ಕೈಯನ್ನು ನೋಯುವಷ್ಟು ಹಿಡಿದಿದೆ. ಕಟ್ಟೆಯ ಎತ್ತರಕ್ಕೂ ಬಾರದ ಆಸ್ಮಾ ಆಗ ತುದಿಗಾಲಲ್ಲಿ ನಿಂತು ಕೂಗಿದ್ದಳು: "ಸರದಾರ ನದಾಫ! ಗಾದಿ ಹೊಲಿಯೋ ಸರದಾರ ನದಾಫ!" ಅಂಗಡಿಯವನು ಬೆಚ್ಚಿ ತಕ್ಕಡಿಯ ಕಲ್ಲು ಕೈಬಿಟ್ಟಿದ್ದ. ಆಮೇಲೆ ಅವ್ವ ಎಲ್ಲಿಗೆ ಹೋದರೂ, ಶಾಲೆಗಾಗಲಿ, ದವಾಖಾನೆಗಾಗಲಿ, ಮಗಳನ್ನು ಜೊತೆಗೇ ಕರೆದೊಯ್ಯುತ್ತಿದ್ದಳು. ಹೆಸರು ಹೇಳಲು ಒಂದು ಬಾಯಿ ಬೇಕಲ್ಲ. ಆಸ್ಮಾಳ ಮೊದಲ ವಕಾಲತ್ತು ಅದು. ಬೆಲ್ಲದ ಚೂರೇ ಫೀಜು. ಎಲ್‌ಎಲ್‌ಬಿ ಓದಿದ್ದು, ಸನ್ನದು ಸಿಕ್ಕಿದ್ದು ಎಲ್ಲ ಆಮೇಲಿನ ಕಥೆ.

ಮೊದಲ ಸಲ ನ್ಯಾಯಾಧೀಶರ ಮುಂದೆ ವಾದಕ್ಕೆ ನಿಂತಾಗ ಅದೇ ಬಾಯಿ ಕೈಕೊಟ್ಟಿತ್ತು. ಸಾಹೇಬರು ಏನೋ ಕೇಳಿದರು, ಅವಳು ಮರಾಠಿಯಲ್ಲಿ ಚಲೋ ಉತ್ತರ ಕೊಡುತ್ತ ಕೊಡುತ್ತ ಭರದಲ್ಲಿ "ಹೌದ್ರಿ" ಎಂದುಬಿಟ್ಟಳು. ಕೋರ್ಟಿಗೆ ಕೋರ್ಟೇ ನಕ್ಕಿತು. ಸಾಹೇಬರೂ ಮೀಸೆಯೊಳಗೆ ನಕ್ಕರು. ಅಂದಿನಿಂದ ಬಾರ್ ರೂಮಿನಲ್ಲಿ ಅವಳ ಹೆಸರು 'ಹೌದ್ರಿ ಮೇಡಂ' ಆಯಿತು. ಬೈಗುಳವಲ್ಲ ಅದು, ಪ್ರೀತಿಯೇ ಎಂದು ಎಲ್ಲರೂ ಹೇಳಿದರು, ಅವಳೂ ಒಪ್ಪಿದಳು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ತನ್ನ ಮರಾಠಿಯನ್ನು ಬೂದಿ ಹಾಕಿ ತಿಕ್ಕಿದಳು, ಕನ್ನಡದ ಕಿಲುಬು ಹೋಗುವ ತನಕ ತಿಕ್ಕಿದಳು. ಅವಳ ಸೀನಿಯರ್ ಶಂಕರಲಿಂಗ ವಕೀಲರು ಅಸಂಗಿಯವರು, ಮನೆಮಾತು ಕನ್ನಡವೇ, ಆದರೆ ಚೇಂಬರಿನ ಬಾಗಿಲು ಮುಚ್ಚಿದ್ದರೆ ಮಾತ್ರ ಅದು ಹೊರಬರುತ್ತಿತ್ತು. ಇವತ್ತು ಬೆಳಿಗ್ಗೆಯೂ ಬಾಗಿಲು ಮುಚ್ಚಿಯೇ ಹೇಳಿದ್ದರು: "ನೋಡವ್ವ, ಕಂಪನಿ ಕೆಲಸ ಲಗೂನ ಸಿಗೂದಿಲ್ಲ. ಹೋಗು, ಸಹಿ ಹಾಕು, ಬಾ. ಉಂಡ ಎಲಿ ಎತ್ತೋ ಗುಂಡ ಅಂದ್ರ ಉಂಡವರೆಷ್ಟ ಮಂದಿ ಅಂದನಂತ. ಹಂಗ ಮಾಡಬ್ಯಾಡ." ಅವಳು ಹೂಂ ಎಂದು ಬಂದಿದ್ದಳು. ದಾರಿಯುದ್ದಕ್ಕೂ ಗುಡ್ಡದ ಮೇಲಿನ ಗಾಳಿಗಿರಣಿಗಳು ಸಾವಕಾಶವಾಗಿ ತಿರುಗುತ್ತ, ಗುಂಡ ಕೇಳಿದ್ದರಲ್ಲಿ ತಪ್ಪೇನಿತ್ತು, ತಪ್ಪೇನಿತ್ತು ಎಂದು ಅವಳನ್ನೇ ಕೇಳುತ್ತಿದ್ದಂತೆ ಇತ್ತು.

ಆಫೀಸಿನ ಪಡಸಾಲೆಯ ಗೋಡೆಯ ಮೇಲೆ ಅವಳ ಫೋಟೋ ಇತ್ತು. ಇದನ್ನು ಅವಳು ನೋಡಿದ್ದು ಇದೇ ಮೊದಲು. 'ಇಲ್ಲಿ ಎಲ್ಲರಿಗೂ ಜಾಗ' ಎಂಬ ದೊಡ್ಡ ಚಿತ್ರಪಟ; ಅದರಲ್ಲಿ ಗಣಕಯಂತ್ರದ ಮುಂದೆ ಕುಳಿತ ಕಾಲಿಲ್ಲದ ಹುಡುಗ, ಟೊಪ್ಪಿಗೆ ಹಾಕಿದ ಬೇದಾಣಿಯ ಹೆಂಗಸರು, ನಡುವೆ ಕರಿಕೋಟಿನ ಆಸ್ಮಾ ಹಲ್ಲು ಬಿಟ್ಟು ನಗುತ್ತಿದ್ದಾಳೆ. ಕೆಳಗೆ 'ನಮ್ಮ ಸ್ಥಳೀಯ ಸದಸ್ಯೆ' ಎಂದಿತ್ತು. ಹೆಸರಿರಲಿಲ್ಲ. ಅಷ್ಟು ಚಂದ ನಗಲು ತನಗೆ ಯಾರು ಹೇಳಿದ್ದರು ಎಂದು ನೆನಪಿಸಿಕೊಂಡಳು, ನಿಕಮನೇ ಹೇಳಿದ್ದ. ಅವನೇ ಮೊದಲ ದಿನ ಪಕ್ಕದ ಕೋಣೆಯಲ್ಲಿ ಪುಣೆಗೆ ಫೋನು ಹಚ್ಚಿ, ಹೆಂಗಸಾಯಿತು, ಮುಸಲ್ಮಾನಳಾಯಿತು, ಮೇಲೆ ಕಾನಡಿ, ಒಬ್ಬಳಲ್ಲೇ ಮೂರು ಕೆಲಸ ಆಗಿಹೋಯಿತು ಎಂದು ಖುಷಿಯಿಂದ ಹೇಳಿದ್ದು ಗೋಡೆ ದಾಟಿ ಅವಳ ಕಿವಿಗೆ ಬಿದ್ದಿತ್ತು. ಆಗ ಚಹದ ಕಪ್ಪು ಕೈಯಲ್ಲಿತ್ತು, ಕುಡಿದಳು. ಚಿತ್ರಪಟದ ಕೆಳಗಿನ ಬಾಂಕಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಸುಪರವೈಜರ ಅಪ್ಪಾಸಾಹೇಬ ಕುಳಿತಿದ್ದ. ಅವಳನ್ನು ನೋಡಿ ಅರ್ಧ ಎದ್ದ ಹಾಗೆ ಮಾಡಿ ನಮಸ್ಕಾರ ಎಂದ. ಕ್ರಾಪು ನೀಟಾಗಿತ್ತು. ಹೋದ ಸಲ ತನಗೆ ಎಷ್ಟು ಮರ್ಯಾದೆಯಿಂದ ಬಿಸಿಲಲ್ಲಿ ಕೊಡೆ ಹಿಡಿದಿದ್ದ ಎಂಬುದು ನೆನಪಾಗಿ ಅವಳಿಗೆ ಮೈ ಕಸಿವಿಸಿಯಾಯಿತು.

ಕೋಣೆಯಲ್ಲಿ ಎ.ಸಿ.ಯ ತಂಪಿತ್ತು. ಸಮಿತಿಯ ಅಧ್ಯಕ್ಷೆ ದೇವಧರ ಮೇಡಂ ಪುಣೆಯಿಂದ ಬೆಳಿಗ್ಗೆಯೇ ಹೊರಟು ಬಂದಿದ್ದರು, ಮತ್ತೆ ಅಷ್ಟೇ ದೂರ ಹೋಗಬೇಕಾದವರ ಮುಖ. ಲೆಕ್ಕದ ವಿಭಾಗದ ಸದಸ್ಯೆಯೊಬ್ಬಳು ಮೂಲೆಯಲ್ಲಿದ್ದಳು, ಬಾಯಿ ಬಿಡುವ ರೂಢಿ ಅವಳಿಗಿರಲಿಲ್ಲ. ನಿಕಮ ಹಾಳೆಯನ್ನೂ ಪೆನ್ನನ್ನೂ ಒಟ್ಟಿಗೆ ಸರಿಸಿದ, ಬಿಸ್ಕತ್ತಿನ ತಟ್ಟೆಯನ್ನೂ ಸರಿಸಿದ. ಆಸ್ಮಾ ಪೆನ್ನು ಹಿಡಿದಳು. ಅವಳ ಕೈ ಪಳಗಿದ ಎತ್ತಿನಂತೆ ತಾನಾಗಿ ಸಹಿಯ ಜಾಗಕ್ಕೆ ಹೋಗಿ ನಿಂತಿತು. ಒಂದು ಗೆರೆ ಎಳೆದರೆ ಇವತ್ತಿನ ದಿನ ಮುಗಿಯುತ್ತದೆ, ಕಂಪನಿಯ ಕೆಲಸ ಉಳಿಯುತ್ತದೆ, ಗೋಡೆಯ ಮೇಲಿನ ನಗೆ ಹಾಗೇ ಇರುತ್ತದೆ, ಮಲಕವ್ವ ಮತ್ತೆ ಅದೇ ಗೋದಾಮಿಗೆ ಹೋಗುತ್ತಾಳೆ. ಆಸ್ಮಾ ಪೆನ್ನಿಗೆ ಟೊಪ್ಪಿಗೆ ಹಾಕಿದಳು. "ಅವಳನ್ನು ಒಮ್ಮೆ ಕರೆಸಿ," ಎಂದು ಮರಾಠಿಯಲ್ಲಿ ಹೇಳಿದಳು.

"ಎಲ್ಲ ಕೇಳಿ ಆಗಿದೆ, ಮೇಡಂ," ಎಂದ ನಿಕಮ.

"ಯಾವ ಭಾಷೆಯಲ್ಲಿ ಕೇಳಿದಿರಿ?"

"ಮರಾಠಿಯಲ್ಲಿ. ಇಲ್ಲಿ ಎಲ್ಲರಿಗೂ ಮರಾಠಿ ಬರುತ್ತದಲ್ಲ."

ಅದು ಸುಳ್ಳಲ್ಲ. ತಿಕೋಂಡಿಯ ಹೆಂಗಸರು ಜತ್ತ ಬಾಜಾರದಲ್ಲಿ ಕುರಿ ವ್ಯಾಪಾರಕ್ಕೆ ನಿಂತರೆ ಮರಾಠಿಯಲ್ಲಿ ಯಾರನ್ನೂ ಗೆಲ್ಲಗೊಡುವುದಿಲ್ಲ. ಆದರೆ ಬಾಜಾರಕ್ಕೆ ಸಾಕಾಗುವ ಮಾತು ಮಾನದ ಮಾತಿಗೆ ಸಾಕಾಗುವುದಿಲ್ಲ, ಇದನ್ನು ಹೇಗೆ ತಿಳಿಸುವುದು. ಕನ್ನಡಿಯ ಮುಂದೆ ತಿಕ್ಕಿ ತಿಕ್ಕಿ ಹೊಳಪು ತಂದ ತನ್ನ ಮರಾಠಿಯಲ್ಲೂ ಇವತ್ತಿನವರೆಗೆ ಅವಳು ಅತ್ತಿಲ್ಲ. "ನಾನು ಸಮಿತಿಯ ಸದಸ್ಯೆ," ಎಂದಳು. "ಕೇಳದೆ ಸಹಿ ಹಾಕಲು ನನಗೆ ಬರುವುದಿಲ್ಲ." ಬರುವುದಿಲ್ಲವೇನು, ಎರಡು ಸಲ ಬಂದಿತ್ತು. ದೇವಧರ ಮೇಡಂ ಗಡಿಯಾರ ನೋಡಿದರು, ಆಮೇಲೆ ಆಸ್ಮಾಳ ಮುಖ ನೋಡಿದರು, ಕರೆಸಿ ಎಂದರು.

ಮಲಕವ್ವ ಬಂದಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ತಲೆಗೆ ಕಂಪನಿಯ ಪ್ಲಾಸ್ಟಿಕ್ ಟೊಪ್ಪಿಗೆ, ಹಣೆಯಲ್ಲಿ ಅಮೋಗಸಿದ್ದ ದೇವರ ಅರಿಶಿನದ ಭಂಡಾರ, ಬೆರಳುಗಳಿಗೆ ಬೇದಾಣಿಯ ಅಂಟು. ಕುರ್ಚಿ ತೋರಿಸಿದರೂ ಕೂರದೆ ನೆಲ ನೋಡುತ್ತ ನಿಂತಳು. ಆಸ್ಮಾ ಬಾಯಿ ತೆರೆದಳು. ಕೋರ್ಟಿನಲ್ಲಿ ನಕ್ಕಿದ್ದ ಅಷ್ಟೂ ಮಂದಿ ಈ ಎ.ಸಿ. ಕೋಣೆಯ ಗೋಡೆಗೆ ಒರಗಿ ನಿಂತಿದ್ದಾರೆ ಎನಿಸಿತು. ನಿಂತುಕೊಳ್ಳಲಿ ಎಂದುಕೊಂಡಳು.

"ಕುಂದ್ರಿ ಮಲಕವ್ವಾರ. ನಾ ಬಿಳೂರಾಕಿ ಅದೀನಿ. ನಿಮ್ಮ ಸಂಕಟ ನನಗ ಗೊತ್ತಾಗೇತಿ. ಆ ಮನಿಶಾನ ಹೆಸರ ನಿಮ್ಮ ಬಾಯಾಗ ಬರೂದಿಲ್ಲ, ಹೌದಿಲ್ರಿ?"

ಮಲಕವ್ವ ತಲೆಯೆತ್ತಿದಳು. ಕರಿಕೋಟಿನೊಳಗಿಂದ ತನ್ನ ಊರಿನ ಮಾತು ಬಂದದ್ದಕ್ಕೆ ಅವಳು ಮೊದಲು ಕೋಟನ್ನು ನೋಡಿದಳು, ಆಮೇಲೆ ಮುಖವನ್ನು, ಕುರ್ಚಿಯ ತುದಿಗೆ ಕುಳಿತಳು. "ಹೌದ್ರಿ," ಎಂದಳು. ಆ ಎರಡಕ್ಷರ ಕೇಳಿ ಆಸ್ಮಾಳ ಎದೆಯಲ್ಲಿ ಏನೋ ಸಡಿಲಾಯಿತು. ಇದೇ ಶಬ್ದಕ್ಕೆ ಕೋರ್ಟು ನಕ್ಕಿತ್ತೇ? ಎಷ್ಟು ನೆಟ್ಟಗೆ ನಿಂತಿದೆ ಈ ಶಬ್ದ. "ನಮ್ಮನಿಯವರ ಹೆಸರಽ ಐತ್ರಿ ಅಂವಂದು," ಎಂದು ಮಲಕವ್ವ ಹೇಳತೊಡಗಿದಳು. "ಮತ್ತೊಂದು ಹೆಸರ ನನಗ ಗೊತ್ತಿಲ್ರಿ. ಇಪ್ಪತ್ತ ವರ್ಷಾತು ಲಗ್ನಾಗಿ, ಒಂದ ದಿನ ಬಾಯಿಲೆ ಅಂದಿಲ್ಲ. ಇವರು ಮ್ಯಾಲಿಂದ ಮ್ಯಾಲೆ ಹೆಸರ ಹೇಳು, ಹೆಸರ ಹೇಳು ಅಂತಾರ. ಆ ಹಲ್ಕಟ್ ಮಾಡಿದ ಹೊಲಸಿನ ಕೂಡ ನಮ್ಮನಿಯವರ ಹೆಸರ ಹೆಂಗ ಹಚ್ಚಲ್ರಿ?"

ಆಸ್ಮಾ ಇದನ್ನು ಮರಾಠಿಯಲ್ಲಿ ಹೇಳಿದಳು. ದೇವಧರ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಿಕಮ ಮಾತ್ರ ತಲೆಯಾಡಿಸಿದ. ಅವನು ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. "ಮೇಡಂ, ಹೆಸರು ಅವಳ ಬಾಯಿಂದ ಬರಬೇಕು," ಎಂದ. "ನೀವು ಹೇಳಿದಿರಿ ಎಂದು ನಾವು ಬರೆದುಕೊಂಡರೆ ನಾಳೆ ಅವನು, ವಕೀಲಬಾಯಿಯೇ ನನ್ನ ಹೆಸರನ್ನು ಅವಳ ಬಾಯಿಗೆ ಹಾಕಿದಳು ಎನ್ನುತ್ತಾನೆ. ಮೂವರನ್ನೂ ಸಾಲಾಗಿ ನಿಲ್ಲಿಸಿ ಬೆರಳು ತೋರಿಸು ಎನ್ನೋಣವೆಂದರೆ ಇದು ಪೊಲೀಸ್ ಚೌಕಿಯಲ್ಲ, ಉಳಿದಿಬ್ಬರಿಗೂ ಮಾನವಿದೆ." ಆಸ್ಮಾಳಿಗೆ ಮೈ ಉರಿಯಿತು, ಯಾಕೆಂದರೆ ಕೋರ್ಟಿನಲ್ಲಿ ಎದುರು ಪಕ್ಷಕ್ಕೆ ನಿಂತಿದ್ದರೆ ತಾನೂ ಇದೇ ತಕರಾರು ಎತ್ತುತ್ತಿದ್ದಳು. ರೇಷನ್ ಅಂಗಡಿಯ ವಕಾಲತ್ತು ಇಲ್ಲಿ ನಡೆಯುವುದಿಲ್ಲ. ಅವ್ವನ ಬದಲಿಗೆ ಮಗಳು ಕೂಗಿದರೆ ಅಲ್ಲಿ ಸಕ್ಕರೆ ಸಿಕ್ಕಿತು. ಇಲ್ಲಿ ಬೇರೆಯವರ ಬಾಯಿ ನಡೆಯದು. ತನ್ನ ಬಾಯಿಯ ಮೇಲೆಯೇ ಇಷ್ಟು ದಿನ ಬದುಕಿದವಳಿಗೆ ಆ ಬಾಯಿ ಮುಚ್ಚಿಕೊಂಡು ಇನ್ನೊಬ್ಬಳ ಬಾಯಿಗಾಗಿ ಕಾಯುವುದು ವಕೀಲಿಯ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಆಗ ಅವಳಿಗೊಂದು ಉಪಾಯ ಹೊಳೆಯಿತು, ಹೊಳೆದದ್ದಕ್ಕೆ ಹೆಮ್ಮೆಯೂ ಆಯಿತು. ಲಗ್ನದ ಮನೆಯ ಹೊಸ್ತಿಲಲ್ಲಿ ಹೆಂಗಸರು ಮದುಮಗಳನ್ನು ಅಡ್ಡಗಟ್ಟುತ್ತಾರೆ, ಗಂಡನ ಹೆಸರು ಹೇಳುವ ತನಕ ಒಳಗೆ ಬಿಡುವುದಿಲ್ಲ. ಬರಿದೆ ಹೇಳಬಾರದು, ಪ್ರಾಸ ಕಟ್ಟಿದ ಒಡಪಿನಲ್ಲಿ ಹುದುಗಿಸಿ ಹೇಳಬಹುದು. ಒಡಪಿನೊಳಗಿನ ಹೆಸರಿಗೆ ದೋಷವಿಲ್ಲ. "ಮಲಕವ್ವಾರ," ಎಂದಳು, "ಒಡಪ ಹಾಕಿ ಹೇಳ್ರಿ."

ಮಲಕವ್ವನ ಮುಖ ಕೆಂಪಾಯಿತು. ಅವಳು ಧಡಕ್ಕನೆ ಎದ್ದಳು. "ಏನ್ ಮಾತಾಡ್ತೀರಿ ವಕೀಲಬಾಯಾರ? ಒಡಪ ಗಂಡಗ ಹಾಕೋದ್ರಿ. ಹೊಸ್ತಲದಾಗ ಅಕ್ಕಿ ಚೆಲ್ಲಿ ಹಾಕೋದು. ಈ ನಾಯಿಗಿ ಹಾಕಿದ್ರ ನಮ್ಮ ಅಮೋಗಸಿದ್ದ ಮೆಚ್ಚತಾನೇನ್ರಿ?"

ಆಸ್ಮಾ ತನ್ನನ್ನು ತಾನೇ ಬೈದುಕೊಂಡಳು. ಎಂಥ ಜಾಣತನ ತನ್ನದು. ಈ ನೆಲದವಳೆಂದು ಬಂದು, ಈ ನೆಲದ ಪದ್ಧತಿಯನ್ನೇ ಕೀಲಿಕೈ ಮಾಡಿ ಇವಳ ಬಾಯಿಗೆ ತುರುಕಿದೆನಲ್ಲ. ನಿಕಮನಿಗೆ ಅವಳು ಮೂರು ಕೆಲಸಕ್ಕೆ ಒಬ್ಬಳಾಗಿದ್ದಳು. ತನಗೆ ಮಲಕವ್ವ ಏನಾಗಿದ್ದಳು, ಗೆಲ್ಲಬೇಕಾದ ಕೇಸು? "ತಪ್ಪಾತ್ರಿ," ಎಂದಳು ಮೆಲ್ಲಗೆ. "ನಿಮಗ ಹೆಂಗ ಬೇಕ ಹಂಗ ಮಾಡ್ರಿ. ಹೇಳದಿದ್ದರೂ ನಾ ಸಹಿ ಹಾಕೂದಿಲ್ಲ." ಇದನ್ನು ಅವಳು ಮರಾಠಿಗೆ ತರ್ಜುಮೆ ಮಾಡಲಿಲ್ಲ. ಆದರೆ ಹಾಳೆಯನ್ನು ಮಡಚಿ ನಿಕಮನ ಕಡೆ ಸರಿಸಿದ್ದು ಎಲ್ಲರಿಗೂ ತಿಳಿಯುವ ಭಾಷೆಯಲ್ಲೇ ಇತ್ತು. ಕಂಪನಿಯ ಕೆಲಸ ಹೋಯಿತು ಎಂದು ಒಳಗೆ ಯಾರೋ ಹೇಳಿದರು, ಶಂಕರಲಿಂಗ ವಕೀಲರ ದನಿಯಲ್ಲಿ. ಹೋಗಲಿ ಎಂದಳು. ಉಂಡವರೆಷ್ಟು ಮಂದಿ ಎಂದು ಕೇಳುವುದೇ ವಕೀಲಿ, ಎಲೆ ಎತ್ತುವುದಕ್ಕೆ ಕರಿಕೋಟು ಯಾಕೆ ಬೇಕು.

ಗೋಡೆಯಾಚೆ ಬೇದಾಣಿಯ ಪಟ್ಟಿ ಕರಕರ ಓಡುತ್ತಿತ್ತು. ಅದರ ಎರಡೂ ಬದಿಗೆ ಸಾಲಾಗಿ ಕುಳಿತ ಹೆಂಗಸರು ಕಡ್ಡಿ, ಕಲ್ಲು, ಕರಿಕಾಯಿ ಆರಿಸಿ ಒಗೆಯುತ್ತಿರುತ್ತಾರೆ, ಅವರ ಬೆರಳಿಗೆ ಕಣ್ಣಿರುತ್ತದೆ. ಮಲಕವ್ವ ಆ ಸದ್ದಿನ ಕಡೆ ಕಿವಿಗೊಟ್ಟು ನಿಂತಿದ್ದಳು. ಅವಳ ತುಟಿ ಮಿಸುಕಾಡುತ್ತಿತ್ತು. ಬೆರಳುಗಳು ಒಂದಕ್ಕೊಂದು ತಿಕ್ಕಿ ಏನನ್ನೋ ಎಣಿಸುತ್ತಿದ್ದವು, ಪ್ರಾಸ ಕೂಡಿಸುವವರ ಬೆರಳು ಆಡುವಂತೆ. ಆಮೇಲೆ ಅವಳು ಕಂಪನಿಯ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆದು ಕುರ್ಚಿಯ ಮೇಲಿಟ್ಟಳು, ಸೆರಗು ತಲೆತುಂಬ ಹೊದ್ದಳು, ಕಾಲು ಜೋಡಿಸಿ ನಿಂತಳು. ದನಿ ಏರಲೂ ಇಲ್ಲ, ನಡುಗಲೂ ಇಲ್ಲ.

"ಕರಿ ಕಂಬಳಿ ಹಾಸೇನಿ, ಬಿಳಿ ಜ್ವಾಳ ಸುರದೇನಿ,
ಅಪ್ಪಾಸಾಹೇಬರ ಹೆಸರ ನಾ ತಲಿ ಮ್ಯಾಲ ಹೊತ್ತೇನಿ.
ಜ್ವಾಳದಾಗಿನ ಹರಳ ನಾ ಆರಿಸಿ ಒಗದೇನಿ,
ಅದಽ ಹೆಸರಿನ ಸುಪರವೈಜರನ ಇವತ್ತ ಹೊರಗ ಹಾಕೇನಿ."

ಹೇಳಿ ಮುಗಿಸಿ, "ಮೊದಲಿನ ಎರಡು ಲಗ್ನದಾಗಿನವ್ರಿ, ನಮ್ಮನಿಯವರಿಗಿ," ಎಂದಳು. "ಹಿಂದಿನ ಎರಡು ಈಗ ಕಟ್ಟಿದ್ದು. ಬರಕೊಳ್ರಿ. ಎರಡೂ ಬ್ಯಾರೆ ಬ್ಯಾರೆ ಬರಕೊಳ್ರಿ, ಕೂಡಿಸಬ್ಯಾಡ್ರಿ."

ಆಸ್ಮಾಳಿಗೆ ಕಣ್ಣು ತುಂಬಿತು, ನಾಚಿಕೆಯೇನೂ ಆಗಲಿಲ್ಲ. ಎಂಥ ಹೆಂಗಸು ಇವಳು! ಗಂಡನ ಹೆಸರನ್ನು ತಲೆಯ ಮೇಲೆ ಹೊತ್ತು, ಅದೇ ಹೆಸರಿನ ಹರಳನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಎಸೆದಿದ್ದಳು. ತಾನು ಕೊಟ್ಟ ಉಪಾಯವಲ್ಲ ಇದು, ತನ್ನ ಉಪಾಯವನ್ನು ತಿರಸ್ಕರಿಸಿ ಅವಳೇ ಕಂಡುಕೊಂಡದ್ದು. ದೇವಧರ ಮೇಡಂ ಮುಂದಕ್ಕೆ ಬಾಗಿದ್ದರು. "ಇದು ಉಖಾಣಾ ಅಲ್ಲವೇ?" ಎಂದರು. "ನಮ್ಮಲ್ಲೂ ಹೇಳುತ್ತೇವೆ. ನನ್ನ ಮದುವೆಯಲ್ಲಿ ನಾನು ಮರೆತುಬಿಟ್ಟು ಅತ್ತೆಯ ಮುಂದೆ ಬೆಪ್ಪಾಗಿದ್ದೆ." ಮೂಲೆಯಲ್ಲಿದ್ದ ಲೆಕ್ಕದ ವಿಭಾಗದವಳು ಆ ದಿನ ಮೊದಲ ಸಲ ಬಾಯಿ ಬಿಟ್ಟಳು. "ಹೆಸರು ಬಂತಲ್ಲ, ಸರ್," ಎಂದಳು ನಿಕಮನಿಗೆ. "ಸುಪರವೈಜರ ಎಂದೂ ಹೇಳಿದಳು. ನನಗೂ ಕೇಳಿಸಿತು."

ನಿಕಮ ಗಲ್ಲ ಕೆರೆದುಕೊಂಡ. ಹೆಸರು ಬಂದದ್ದು ಹೌದು, ಎಂದು ಒಪ್ಪಿದ. ಆದರೆ ಕಂಪನಿಯ ಗಣಕಯಂತ್ರದಲ್ಲಿ ಕನ್ನಡ ಮೂಡುವುದಿಲ್ಲ, ಮರಾಠಿಯಲ್ಲಿ ಸಾರಾಂಶ ಬರೆದರಾಯಿತು ಎಂದ.

"ಸಾರಾಂಶ ಬೇಡ," ಎಂದಳು ಆಸ್ಮಾ. "ಅವಳು ಹೇಳಿದ್ದು ಹೇಳಿದ ಹಾಗೆ. ಕೆಳಗೆ ಮರಾಠಿ ನಾನೇ ಬರೆದುಕೊಡುತ್ತೇನೆ. ಯಂತ್ರಕ್ಕೆ ಬರದಿದ್ದರೆ ನನ್ನ ಕೈಗೆ ಬರುತ್ತದೆ."

ಹಾಗೆ ಹೇಳಿಬಿಟ್ಟಳೇ ಹೊರತು ಪೆನ್ನು ಕಾಗದಕ್ಕೆ ಮುಟ್ಟಿಸಿ ಹಾಗೇ ತಡೆದಳು. ಕನ್ನಡ ಬರೆದು ಎಷ್ಟು ವರ್ಷವಾಯಿತು. ಬಿಳೂರಿನ ಕನ್ನಡ ಸಾಲಿಯಲ್ಲಿ ಪಾಟಿಯ ಮೇಲೆ ತಿದ್ದಿದ ಅಕ್ಷರಗಳು ಈಗ ಕರೆದರೆ ಬರುತ್ತವೋ, ಮುನಿಸಿಕೊಂಡಿರುತ್ತವೋ. 'ಕ' ಬಂತು. 'ರಿ' ಬಂತು. ಕಂಬಳಿ ಹಾಸಿತು, ಜೋಳ ಸುರಿಯಿತು. ದುಂಡಗೆ, ಸ್ವಲ್ಪ ದಪ್ಪಗೆ, ಸಾಲಿಯ ಹುಡುಗಿಯ ಅಕ್ಷರಗಳೇ ಸಾಲಾಗಿ ಬಂದು ಕುಳಿತವು. ಅವಳು ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಮಲಕವ್ವ ಪ್ರತಿ ಸಾಲಿಗೂ ತಲೆಯಾಡಿಸಿದಳು. ಆಮೇಲೆ ದೇವಧರ ಮೇಡಂ ಮುಕ್ತಾಯದ ಕರಡನ್ನು ತಮ್ಮ ಬ್ಯಾಗಿಗೆ ಸೇರಿಸಿ, ವಿಚಾರಣೆ ನಡೆಯುತ್ತದೆ, ಮುಗಿಯುವ ತನಕ ಅವನು ಆರಿಸುವ ಜಾಗಕ್ಕೂ ಗೋದಾಮಿಗೂ ಕಾಲಿಡುವಂತಿಲ್ಲ, ಮುಂದಿನ ಬೈಠಕಿಗೆ ವಕೀಲಬಾಯಿ ಇಲ್ಲದೆ ಕೂರುವಂತಿಲ್ಲ ಎಂದರು. ನಿಕಮ ಎಲ್ಲವನ್ನೂ ಬರೆದುಕೊಂಡ. ಹೊರಗೆ ಬಂದಾಗ ಬಾಂಕಿನ ಮೇಲಿದ್ದವನ ಕಾಲು ಕಾಲ ಮೇಲಿಂದ ಇಳಿದಿತ್ತು. ಗೋಡೆ ತೆಳ್ಳಗಿತ್ತು, ಅದು ಆಸ್ಮಾಳಿಗೆ ಮೊದಲೇ ಗೊತ್ತಿತ್ತು.

ಅವಳು ಸ್ಕೂಟಿ ತಳ್ಳಿಕೊಂಡು ಮಲಕವ್ವನ ಜೊತೆ ಗೇಟಿನವರೆಗೆ ನಡೆದಳು. ಗೇಟಿನಾಚೆ ಬಿಸಿಲಿನಲ್ಲಿ ಒಬ್ಬ ಸಣಕಲ ಮನುಷ್ಯ ಹಳೆಯ ಮೋಟರ್ ಸೈಕಲಿಗೆ ಒರಗಿ ನಿಂತಿದ್ದ, ಹೆಗಲ ಮೇಲೆ ಅಂಥ ಬಿಸಿಲಲ್ಲೂ ಕರಿ ಕಂಬಳಿ. ಇವನೇ ಆ ಇನ್ನೊಬ್ಬ ಅಪ್ಪಾಸಾಹೇಬ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವನು ಹೆಂಡತಿಯ ಮುಖ ನೋಡಿ, "ಹೇಳಿದೇನು?" ಎಂದ.

"ಹೇಳಿದೆ."

"ನಂದೂ ಬಂತೇನು ನಡುವ?"

"ಬಂತು. ಒಡಪ ಹಾಕಿದೆ."

"ಯಾವುದು, ಕಂಬಳೀದು?" ಎಂದು ಕೇಳುತ್ತ ಅವನು ಹೆಗಲ ಮೇಲಿನ ಕಂಬಳಿಯನ್ನು ಸರಿಮಾಡಿಕೊಂಡ. ಅವಳು ಹೂಂ ಎಂದಳು. ಅವನಿಗೆ ನಾಚಿಕೆಯಾಯಿತು, ನಗು ಬಂತು, ಅದನ್ನು ಮುಚ್ಚಿಕೊಳ್ಳಲು ಗಾಡಿಯ ಕಿಕ್ಕನ್ನು ಸುಮ್ಮನೆ ಎರಡು ಸಲ ಒದ್ದ. "ಚಲೋ ಆತು ಬಿಡು," ಎಂದ. "ನನ್ನ ಹೆಸರ ಅವನ ಕಡೆ ಯಾಕ ಬಿಡಬೇಕು."

ಕಾವಲುಗಾರ ಸರಪಳಿ ಬಿಡಲು ಬಂದ. ವಹಿಯಲ್ಲಿ 'ಲೇಡೀಜ್ ಮೆಂಬರ್' ಎಂಬಲ್ಲಿ ಬೆರಳಿಟ್ಟು, ಇಲ್ಲಿ ಹೊರಹೋದ ಸಹಿ ಮಾಡಿ, ಮೇಡಂ ಎಂದ. ಆಸ್ಮಾ ಅದನ್ನು ನೋಡಿದಳು. ಅದನ್ನು ಹೊಡೆದುಹಾಕು ಎಂದಳು ಮರಾಠಿಯಲ್ಲಿ. ಅವನು ಹೊಡೆದುಹಾಕಿ ಮುಖ ನೋಡಿದ. "ಬರೆದುಕೋ," ಎಂದಳು, ಕಾಲ ಹಿಮ್ಮಡಿ ತಾನಾಗಿಯೇ ತುಸು ಮೇಲೆದ್ದದ್ದು, ದನಿ ಬೇಕಾದದ್ದಕ್ಕಿಂತ ಜೋರಾದದ್ದು ಅವಳಿಗೇ ಗೊತ್ತಾಯಿತು. "ಆಸ್ಮಾ ಸರದಾರ ನದಾಫ. ವಕೀಲ."

ಮೋಟರ್ ಸೈಕಲಿನ ಹಿಂದೆ ಕುಳಿತಿದ್ದ ಮಲಕವ್ವ ಗಾಬರಿಯಾಗಿ ಇತ್ತ ತಿರುಗಿದಳು. "ಅಯ್ಯಽ ಬಾಯಾರ! ಸರದಾರ ಅಂದ್ರ ನಿಮ್ಮನಿಯವರೇನ್ರಿ?"

"ಅಲ್ರಿ, ನಮ್ಮಪ್ಪ," ಎಂದಳು ಆಸ್ಮಾ. "ನಮ್ಮವ್ವಗ ಹೇಳಾಕ ಬರೂದಿಲ್ಲ. ಅದಕ್ಕ ನಾ ಜೋರಾಗಿ ಹೇಳತೀನಿ."